ಏಳು ಷೆಡ್ಡು ಸುತ್ತಿದ ಟೀ ಗಾಡಿ

ಒಂದಾನೊಂದು ಕಾಲದಲ್ಲಿ ಏಳು ಸುತ್ತಿನ ಒಂದು ಅರಮನೆ ಇತ್ತು. ಅಲ್ಲಿನ ರಾಜ ಯಾರು, ಎಲ್ಲಿರುತ್ತಾನೆ ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆ ಅರಮನೆಯಲ್ಲಿ ಒಬ್ಬ ದೈತ್ಯನನ್ನು ಮಾಡುತ್ತಿದ್ದರು. ಒಂದು ಸುತ್ತಿನವರು ಅವನ ಮೂಳೆ ಮಾಡುತ್ತಿದ್ದರು, ಇನ್ನೊಂದು ಸುತ್ತಿನವರು ನರ, ಮತ್ತೊಂದು ಸುತ್ತಿನವರು ಚರ್ಮ. ಆದರೆ ಒಂದು ಸುತ್ತಿನವರು ಇನ್ನೊಂದು ಸುತ್ತಿಗೆ ಕಾಲಿಡುವಂತಿರಲಿಲ್ಲ. ಹಾಗಾಗಿ ನರ ಮಾಡಿದವರು, ಚರ್ಮ ಮಾಡಿದವರು, ಯಾರೂ ಎದ್ದು ನಿಂತ ದೈತ್ಯನನ್ನು ನೋಡಿರಲಿಲ್ಲ. ಏಳೂ ಸುತ್ತಿನೊಳಗೆ ಹೋಗಿ ಬರುವ ಅಪ್ಪಣೆ ಇದ್ದದ್ದು ಒಬ್ಬಳಿಗೆ ಮಾತ್ರ. ಅವಳಿಗೆ ಕಾಲಿರಲಿಲ್ಲ, ಗಾಲಿಗಳಿದ್ದವು. ಹೊಟ್ಟೆ ತುಂಬ ಬಿಸಿ ಬಿಸಿ ಚಹಾ ಇತ್ತು.

ಅವಳೇ ನಾನು. ನಾನು ಒಂದು ಟೀ ಗಾಡಿ.

ಕಥೆ ಕೇಳುವವರು ಹೂಂಗುಡಬೇಕು, ಗೊತ್ತಲ್ಲ? ಹೂಂ ನಿಂತರೆ ಕಥೆಯೂ ನಿಂತುಬಿಡುತ್ತದೆ. ನೀವು ಹೂಂ ಅನ್ನುತ್ತಿರಿ, ನಾನು ಹೇಳುತ್ತ ಹೋಗುತ್ತೇನೆ. ನನಗೂ ಈಗ ಬೇರೆ ಕೆಲಸವಿಲ್ಲ. ಕಾರ್ಖಾನೆಯ ಹಿಂಬದಿಯ ಗುಜರಿ ಅಂಗಳದಲ್ಲಿ, ಕಾಲು ಮುರಿದ ಕುರ್ಚಿಗಳ ನಡುವೆ ನಿಂತಿದ್ದೇನೆ. ನನ್ನ ಮುಂದಿನ ಗಾಲಿಗೆ ಒಂದು ಬಳ್ಳಿ ಸುತ್ತಿಕೊಂಡಿದೆ. ನಾನೆಲ್ಲೋ ಓಡಿಹೋಗುತ್ತೇನೆಂದು ಅದಕ್ಕೆ ಭಯವೋ ಏನೋ.

ನಾನು ಹುಟ್ಟಿದ್ದು ಮೈಸೂರಿನ ಹೊರವಲಯದ ಈ ದೊಡ್ಡ ಕಂಪನಿಯ ವೆಲ್ಡಿಂಗ್ ಷೆಡ್ಡಿನಲ್ಲಿ. ಧುಮ್ಮಿಕ್ಕುವ ನೀರಿನಿಂದ ಕರೆಂಟು ತೆಗೆಯುವ ಯಂತ್ರಗಳನ್ನು ಮಾಡುವ ಕಂಪನಿ ಇದು. ಒಂದೊಂದು ಯಂತ್ರವೂ ಒಂದು ಮನೆಯಷ್ಟು ದೊಡ್ಡದು. ಆಗೆಲ್ಲ ಟೀಯನ್ನು ಕೆಟಲಿನಲ್ಲಿ ಹೊತ್ತು ತರುತ್ತಿದ್ದರಂತೆ. ಕ್ಯಾಂಟೀನಿನಿಂದ ಕೊನೆಯ ಷೆಡ್ಡಿಗೆ ಬರುವಷ್ಟರಲ್ಲಿ ಅದು ಆರಿ ಅಕ್ಕಚ್ಚಿನ ಹಾಗಾಗಿರುತ್ತಿತ್ತು. ಕಾರ್ಮಿಕರು ಗಲಾಟೆ ಮಾಡಿದರು. ಒಂದು ಗಾಡಿ ಮಾಡಿಕೊಡಲು ವೆಲ್ಡಿಂಗಿನ ಅಂತೋಣಪ್ಪ ಮೇಸ್ತ್ರಿಗೆ ಹೇಳಿಕಳಿಸಿದರು.

ಅಂತೋಣಪ್ಪ ಹೊಸ ಕಬ್ಬಿಣ ಮುಟ್ಟಲಿಲ್ಲ. ಯಂತ್ರದ ಪೆಟ್ಟಿಗೆಗಳಿಂದ ಉಳಿದ ಪಟ್ಟಿಗಳಿಂದ ನನ್ನ ಪಕ್ಕೆಲುಬು ಮಾಡಿದ. ತಗಡು ಕತ್ತರಿಸುವ ಷೆಡ್ಡಿನ ಚೂರುಗಳಿಂದ ನನ್ನ ಬೆನ್ನು. ಗಾಲಿಗಳು ಅಚ್ಚು ಸಾಗಿಸುವ ಹಳೆಯ ಗಾಡಿಯವು. ಕಿಡಿಗಳು ಹಾರುವಾಗ ಅವನು ಕಪ್ಪು ಗಾಜಿನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದ. ನಾನು ಮೊದಲು ಕಂಡ ಮುಖವೇ ಅದು, ಮುಖವಿಲ್ಲದ ಮುಖ. ಕೆಲಸ ಮುಗಿಸಿ ಅವನು ನನ್ನ ಹಿಡಿಯನ್ನು ಮುಟ್ಟಿ ನೋಡಿದ.

"ಇದು ಕಾಯ್ತದೆ. ತಳ್ಳೋನ ಅಂಗೈಗೆ ಬೊಬ್ಬೆ ಬರ್ತದೆ," ಅಂದ. ನನ್ನನ್ನು ಉರುಳಿಸಿಕೊಂಡು ಪಕ್ಕದ ವೈಂಡಿಂಗ್ ಷೆಡ್ಡಿನ ಬಾಗಿಲವರೆಗೆ ಬಂದ. ನೆಲದ ಮೇಲಿನ ಹಳದಿ ಗೆರೆಯ ಈಚೆ ನಿಂತು ಕೂಗಿದ. "ದೇವೀರಮ್ಮ, ಒಂಚೂರು ನಿನ್ನ ಪಟ್ಟಿ ಸುತ್ತಿಕೊಡವ್ವ ಇದಕ್ಕೆ."

ಗೆರೆಯ ಆಚೆ ಸಾಲಾಗಿ ಹೆಂಗಸರು ಕೂತಿದ್ದರು. ತಾಮ್ರದ ಸುರುಳಿಗಳಿಗೆ ಬಿಳಿಯ ಪಟ್ಟಿ ಸುತ್ತುವುದು ಅವರ ಕೆಲಸ. ಅವರಲ್ಲೊಬ್ಬಳು ಎದ್ದು ಬಂದಳು. ಚಿಕ್ಕ ವಯಸ್ಸು, ಉದ್ದನೆಯ ಬೆರಳುಗಳು, ಕಾಲಿಗೆ ಬಿಳಿ ಬಟ್ಟೆಯ ಶೂ. ವೈಂಡಿಂಗಿನವರು ಬಟ್ಟೆಯ ಶೂ ಹಾಕಬೇಕು, ಹೊರಗಿನ ಧೂಳು ಒಳಗೆ ಬರಬಾರದು. ಅವಳು ನನ್ನ ಹಿಡಿಗೆ ಪಟ್ಟಿ ಸುತ್ತಿದಳು, ಒಂದರ ಮೇಲೊಂದು ಅರ್ಧರ್ಧ ಬರುವ ಹಾಗೆ. ಕೊನೆಗೆ ದಾರದಿಂದ ಒಂದು ಗಂಟು ಹಾಕಿದಳು. ಆ ಗಂಟು ಬಿಗಿಯಾಯಿತು, ಆದರೆ ಕಚ್ಚಲಿಲ್ಲ.

"ಇದ್ಯಾವ ಗಂಟು?" ಎಂದು ಕೇಳಿದ ಅಂತೋಣಪ್ಪ.

"ಹೂವಿನ ಗಂಟು ಕಣಣ್ಣ. ನಮ್ಮಜ್ಜಿ ಮಲ್ಲಿಗೆ ಮಾಲೆ ಕಟ್ಟೋಳು. ಬಿಗಿಯಾದ್ರೆ ತೊಟ್ಟು ಮುರೀತದೆ, ಸಡ್ಲ ಆದ್ರೆ ಹೂವು ಉದುರ್ತದೆ. ಅದ್ರ ಮಧ್ಯದ್ದು ಇದು."

ಹೀಗೆ ನನ್ನ ಮೈಯೆಲ್ಲ ಅಂತೋಣಪ್ಪನದಾದರೆ ಹಿಡಿ ದೇವೀರಮ್ಮನದು.

ಮೊದಲು ನನ್ನನ್ನು ತಳ್ಳಿದವನು ಮಾತಿಲ್ಲದ ಮುದುಕ. ಟೀ ಕೊಡುವುದು, ಲೋಟ ತೆಗೆದುಕೊಳ್ಳುವುದು, ಅಷ್ಟೇ. ಅವನು ನಿವೃತ್ತನಾದ ಮೇಲೆ ನಿಂಗರಾಜುವಿನ ಕೈಗೆ ಬಂದೆ. ತಿ. ನರಸೀಪುರದ ಕಡೆಯ ಹುಡುಗ. ಹೊಸದರಲ್ಲಿ ಅವನಿಗೂ ನನಗೂ ಒಂದೇ ಬೆರಗು. ಬೆಳಿಗ್ಗೆ ದೊಡ್ಡ ಗೇಟು ತೆರೆದಾಗ ಸಾವಿರಾರು ಜನ ಒಂದೇ ಬಣ್ಣದ ಅಂಗಿ ತೊಟ್ಟು ಒಳಗೆ ಹರಿದು ಬರುವುದನ್ನು ನೋಡಬೇಕು ನೀವು! ಹೊಳೆಯೊಂದು ಎದ್ದು ನಡೆದ ಹಾಗೆ. ತಲೆಯ ಮೇಲೆ ಕ್ರೇನು, ಒಂದು ಇಡೀ ಬಂಡೆಯಂಥ ಉಕ್ಕನ್ನು ಎತ್ತಿಕೊಂಡು, ಮಗುವನ್ನು ಮಲಗಿಸಲು ಒಯ್ಯುವ ತಾಯಿಯ ಹಾಗೆ ಮೆಲ್ಲಗೆ ಹೋಗುತ್ತದೆ. ನಾನು ಕೆಳಗಿನಿಂದ ನೋಡುತ್ತಿದ್ದೆ. ನನ್ನ ಲೋಟಗಳೆಲ್ಲ ಕಿಣಿಕಿಣಿ ಅನ್ನುತ್ತಿದ್ದವು. ಭಯಕ್ಕಲ್ಲ, ಸಂತೋಷಕ್ಕೆ.

ಏಳು ಷೆಡ್ಡು, ಏಳು ಬಣ್ಣದ ಬಿಲ್ಲೆ. ನಿಮ್ಮ ಎದೆಯ ಮೇಲೆ ಹಸಿರು ಬಿಲ್ಲೆ ಇದ್ದರೆ ನೀವು ವೈಂಡಿಂಗಿನವರು, ಕೆಂಪಿದ್ದರೆ ಬಿಡಿಭಾಗಗಳನ್ನೆಲ್ಲ ಜೋಡಿಸಿ ಯಂತ್ರ ನಿಲ್ಲಿಸುವ ಅಸೆಂಬ್ಲಿಯವರು. ಪ್ರತಿ ಷೆಡ್ಡಿನ ಬಾಗಿಲಿಗೂ ನೆಲದ ಮೇಲೆ ಒಂದು ಹಳದಿ ಗೆರೆ. ಬೇರೆ ಬಣ್ಣದವರು ಆ ಗೆರೆ ದಾಟಿದರೆ ಮೆಮೊ. ಕ್ಯಾಂಟೀನಿನವರದು ಮಾತ್ರ ಬಿಳಿ ಬಿಲ್ಲೆ, ಬಿಳಿಗೆ ಎಲ್ಲ ಬಾಗಿಲೂ ತೆರೆಯುತ್ತಿತ್ತು. ದೊಡ್ಡ ದೊಡ್ಡ ಆಫೀಸರರಿಗೂ ಇಲ್ಲದ ಅಪ್ಪಣೆ ನಿಂಗರಾಜುವಿಗಿತ್ತು. ಅವನಿಗದು ಬಲು ಜಂಬ. "ಸಾಹೇಬ್ರು ಹೋಗದ ಕಡೆ ನಮ್ ಗಾಡಿ ಹೋಗ್ತದೆ," ಅನ್ನುತ್ತಿದ್ದ.

ನನ್ನ ಸುತ್ತ ನಿಂತವರ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಕೈಗೆ ಬಿಸಿ ಲೋಟ ಬಂದ ತಕ್ಷಣ ಮನುಷ್ಯರಿಗೆ ಅದೇನೋ ಆಗುತ್ತದೆ. ಕಂಪನಿಯನ್ನು ಅವರು ಹೊಗಳಿದ್ದನ್ನೂ ಬೈದದ್ದನ್ನೂ ನನ್ನಷ್ಟು ಕೇಳಿದವರು ಇನ್ಯಾರೂ ಇಲ್ಲ. ಹೆಚ್ಚಿನ ಸಲ ಹೊಗಳುವ ಬಾಯಿಯೂ ಬೈಯುವ ಬಾಯಿಯೂ ಒಂದೇ ಆಗಿರುತ್ತಿತ್ತು, ಒಂದೇ ಲೋಟದ ಮೇಲಿನ ಗುಟುಕು, ಕೆಳಗಿನ ಗುಟುಕು.

"ಹೆಣ್ಣು ಕೇಳೋಕೆ ಹೋದಾಗ ಕಂಪನಿ ಬಸ್ಸಲ್ಲಿ ಓಡಾಡೋ ಹುಡುಗ ಅಂದ್ರೆ ಸಾಕು ಕಣಯ್ಯಾ, ಕಾಫಿ ಜೊತೆ ಕೋಡುಬಳೆನೂ ಬಂತು."

"ನಮ್ಮಮ್ಮನ ಕಣ್ಣು ಆಪರೇಶನ್ ಕಂಪನಿ ಆಸ್ಪತ್ರೇಲೇ ಆಯ್ತು. ಮನೆಗೆ ಬಂದು ಮೊದಲು ಅವ್ಳು ನೋಡಿದ್ದು ನನ್ನ ಬಿಲ್ಲೆ. 'ಎಷ್ಟು ಹೊಳೀತದೋ!' ಅಂದ್ಳು."

"ಹೊಳೀತದೆ, ಹೊಳೀತದೆ. ನಮ್ ಷೆಡ್ಡಿನ ಫ್ಯಾನ್ ಕೆಟ್ಟಿದ್ದು ಬೇಸಿಗೇಲಿ. ಅರ್ಜಿ ಮೇಲಕ್ಕೆ ಹೋಯ್ತು, ಕೆಳಕ್ಕೆ ಬಂತು, ಮತ್ತೆ ಮೇಲಕ್ಕೆ ಹೋಯ್ತು. ಫ್ಯಾನ್ ಬಂದಿದ್ದು ಸಂಕ್ರಾಂತಿಗೆ. ಎಲ್ರೂ ಸ್ವೆಟರ್ ಹಾಕ್ಕೊಂಡು ಗಾಳಿ ತಗೊಂಡ್ವಿ!"

ಒಮ್ಮೆ ದೊಡ್ಡ ಸಭಾಂಗಣದಲ್ಲಿ ಸಭೆ. ಸೂಟು ಹಾಕಿದ ಸಾಹೇಬರೊಬ್ಬರು ಬೇರೆ ಊರಿನ ಹೆಡ್ ಆಫೀಸಿನಿಂದ ಬಂದಿದ್ದರು. "ನಾವೆಲ್ಲರೂ ಒಂದೇ ಕುಟುಂಬ," ಅಂದರು. ಹಿಂದಿನ ಸಾಲಿನಿಂದ ಯಾರೋ, "ಕುಟುಂಬ ಅಂದ್ಮೇಲೆ ಹೆಸರಾದ್ರೂ ಗೊತ್ತಿರಬೇಕಲ್ವಾ ಸಾರ್? ನನ್ನನ್ನ ಇಪ್ಪತ್ತು ವರ್ಷದಿಂದ ಟೋಕನ್ ನಂಬರಲ್ಲೇ ಕೂಗ್ತವ್ರೆ," ಅಂದ. ಇಡೀ ಸಭೆ ನಗೆಯಿಂದ ತುಂಬಿಹೋಯಿತು. ಸಾಹೇಬರೂ ನಕ್ಕರು. ಟೀ ಹೊತ್ತಿಗೆ ಅವರು ನನ್ನ ಪಕ್ಕ ಒಬ್ಬರೇ ನಿಂತಿದ್ದರು. ಫೋನಿನಲ್ಲಿ ಯಾರಿಗೋ "ಯಸ್ ಸರ್, ಯಸ್ ಸರ್" ಅನ್ನುತ್ತಿದ್ದರು. ಮೇಲಿನವರಿಗೂ ಮೇಲೊಬ್ಬರಿದ್ದಾರೆ ಎಂದು ನನಗೆ ಗೊತ್ತಾದದ್ದು ಅವತ್ತು. ಈ ಅರಮನೆಯ ರಾಜ ಎಲ್ಲಿದ್ದಾನಪ್ಪಾ ಎಂದು ಮತ್ತಷ್ಟು ಬೆರಗಾಯಿತು.

ಇನ್ನು ದೇವೀರಮ್ಮನ ಮಾತಿಗೆ ಬರುತ್ತೇನೆ. ನನಗೆ ವಯಸ್ಸಾದ ಹಾಗೆ ಅವಳಿಗೂ ಆಯಿತು. ತಲೆಗೂದಲು ಬೆಳ್ಳಗಾಯಿತು, ಬೆರಳು ಮಾತ್ರ ಹಾಗೇ ಇತ್ತು. ಎಲ್ಲರೂ ಅವಳನ್ನು ದೇವೀರಕ್ಕ ಅನ್ನತೊಡಗಿದರು. ಕಂಪನಿಯ ಮೇಲೆ ಅವಳಿಗೆ ಮೆಚ್ಚುಗೆ ಬೇಕಾದಷ್ಟಿತ್ತು. ಗಂಡ ತೀರಿಕೊಂಡ ಮೇಲೂ ತಲೆ ತಗ್ಗಿಸದೆ ಮನೆ ನಡೆಸಿದ್ದು ಈ ಅಂಗಿಯ ಬಲದಿಂದ ಅನ್ನುತ್ತಿದ್ದಳು. ಸಂಬಳದ ದಿನ ಮಗಳಿಗೆ ಮೈಸೂರುಪಾಕು ಒಯ್ಯುವುದು, ಬಸ್ಸಿನ ಕಿಟಕಿ ಪಕ್ಕದ ಖಾಯಂ ಜಾಗ, ಎಲ್ಲವೂ ಇಷ್ಟ. ಇಷ್ಟವಿಲ್ಲದ್ದು ಎರಡೇ. ಒಂದು, ವೈಂಡಿಂಗಿನಲ್ಲಿ ಹೂ ಮುಡಿಯುವಂತಿರಲಿಲ್ಲ. ಎಸಳು ಉದುರಿ ಸುರುಳಿಯೊಳಗೆ ಸಿಕ್ಕಿದರೆ ಯಂತ್ರ ಕೆಡುತ್ತದಂತೆ. ಮಲ್ಲಿಗೆ ಕಟ್ಟುವವರ ಮನೆಯ ಹೆಣ್ಣು ಬೋಳು ಜಡೆಯಲ್ಲಿ ಬರುತ್ತಿದ್ದಳು. ಇನ್ನೊಂದು, ತಾನು ಮಾಡಿದ್ದು ಏನಾಗುತ್ತದೆ ಎಂದು ಗೊತ್ತಾಗದಿರುವುದು.

"ನಿಂಗರಾಜು, ನೀನು ಅಸೆಂಬ್ಲಿಗೆ ಹೋಗ್ತಿಯಲ್ಲಪ್ಪ," ಎಂದು ಅವಳು ಒಂದು ದಿನ ಕೇಳಿದಳು. "ಸುರುಳಿ ತುದೀಲಿ ಹಾಕೋ ನನ್ನ ಗಂಟು ಅಲ್ಲಿ ಇರ್ತದಾ?"

ನಿಂಗರಾಜುವೂ ಅದನ್ನು ಕಂಡಿರಲಿಲ್ಲ. ಅಸೆಂಬ್ಲಿಯಲ್ಲಿ ನಮ್ಮನ್ನು ಬಾಗಿಲ ಬಳಿಯ ಕಂಬದ ಹತ್ತಿರವೇ ನಿಲ್ಲಿಸುತ್ತಿದ್ದರು. ಯಂತ್ರ ದೂರದಲ್ಲಿ, ಟಾರ್ಪಾಲಿನ ಪರದೆಯ ಹಿಂದೆ ಇರುತ್ತಿತ್ತು. ಆಯುಧಪೂಜೆಯ ದಿನ ಮನೆಯವರಿಗೂ ಗೇಟು ತೆರೆಯುತ್ತಿತ್ತು ನಿಜ, ಆದರೆ ಅವರವರ ಷೆಡ್ಡಿನವರೆಗೆ ಮಾತ್ರ. ಅಸೆಂಬ್ಲಿಗೆ ಅವತ್ತು ಬೀಗ.

ಪಕ್ಕದಲ್ಲಿ ಕೂತಿದ್ದ ಪ್ರಮೀಳಾ ಎಂಬಾಕೆ ಲೋಟ ಕೆಳಗಿಟ್ಟು ನಕ್ಕಳು. "ಅಯ್ಯೋ ದೇವೀರಕ್ಕ, ಅಷ್ಟು ದೊಡ್ಡ ಮಿಷಿನ್‌ಗೆ ನಿನ್ನ ಮಲ್ಲಿಗೆ ಗಂಟು ಇಟ್ಕೊಂಡಿರ್ತಾರಾ? ಕತ್ರಿಲಿ ಕಚಕ್ ಅಂತ ಕತ್ತರಿಸಿ ಬಿಸಾಕಿ, ಅವ್ರಿಗೆ ಬೇಕಾದಂಗೆ ಕಟ್ಕೋತಾರೆ. ನಮ್ದು ಇಲ್ಲಿಂದ ಅಲ್ಲಿಗೆ ಹೋಗೋವರೆಗೆ ಬಿಚ್ಚಿಕೊಳ್ಳದೆ ಇದ್ರೆ ಆಯ್ತು, ಅಷ್ಟೇಯ."

ಲೋಟವನ್ನು ನನ್ನ ಮೇಲೆ ಇಡುವಾಗ ದೇವೀರಮ್ಮನ ಬೆರಳು ನನ್ನ ಹಿಡಿಯ ಗಂಟಿಗೆ ತಾಗಿತು. ಅದು ಹಾಗೇ ಇದೆಯಾ ಎಂದು ನೋಡಿದ ಹಾಗಿತ್ತು. ಅದೆಷ್ಟೋ ವರ್ಷದ ಕೆಲಸ! ಅದೆಲ್ಲ ಕಸದ ಬುಟ್ಟಿಗೆ ಹೋಗಿದ್ದರೆ? ಅವಳ ಕಣ್ಣಿನಲ್ಲಿ ಆ ಪ್ರಶ್ನೆ ಕೂತುಬಿಟ್ಟಿತು. ನಿಂಗರಾಜು ಅದನ್ನು ಕಂಡ.

"ಸುಮ್ಕಿರಕ್ಕ," ಅಂದ. "ಒಂದಿನ ನಾನೇ ಕರ್ಕೊಂಡೋಗಿ ತೋರಿಸ್ತೀನಿ. ನಮ್ಮವ್ವನಾಣೆ."

ಸುಲಭವಾಗಿ ಬಂದ ಮಾತು. ಬಾಯಿಂದ ಹೊರಬಿದ್ದ ಮೇಲೆ ಅದಕ್ಕೂ ಗಾಲಿ ಬಂತು, ನಮ್ಮ ಹಿಂದೆಯೇ ಸುತ್ತತೊಡಗಿತು.

ನೇರ ದಾರಿಯನ್ನೂ ಅವನು ನೋಡದೆ ಬಿಡಲಿಲ್ಲ. ದೇವೀರಮ್ಮ ಅರ್ಜಿ ಕೊಟ್ಟಳು. ಸೂಪರ್‌ವೈಸರು ಎಚ್ಆರ್‌ನವರನ್ನು ಕೇಳಿ ಅಂದರು. ಎಚ್ಆರ್‌ನವರು ಸೇಫ್ಟಿಯವರನ್ನು ಕೇಳಿದರು. ಸೇಫ್ಟಿಯವರು ಇದು ಸೆಕ್ಯೂರಿಟಿಯವರ ವಿಷಯ ಅಂದರು. ಸೆಕ್ಯೂರಿಟಿಯವರು ಸೂಪರ್‌ವೈಸರರ ಸಹಿ ಬೇಕು ಅಂದರು. ಸುತ್ತಿ ಸುತ್ತಿ ಅರ್ಜಿ ಹೊರಟಲ್ಲಿಗೇ ಬಂತು. ನಾನೂ ದಿನಾ ಅದೇ ಸುತ್ತು ಸುತ್ತುತ್ತೇನೆ, ಆದರೆ ನಾನು ಟೀಯನ್ನಾದರೂ ಕೊಟ್ಟು ಬರುತ್ತೇನೆ!

ಎಚ್ಆರ್‌ನ ಅನುಪಮಾ ಮೇಡಂ ಒಳ್ಳೆಯ ಹುಡುಗಿ. ದೇವೀರಮ್ಮನನ್ನು ಕೂರಿಸಿ ಒಂದು ಬಣ್ಣದ ಚಿತ್ರ ಕೊಟ್ಟರು. ಅದರಲ್ಲಿ ನೀಲಿ ಬಣ್ಣ ಬಳಿದ ಯಂತ್ರ, ಮುಂದೆ ಹಾರ, ತೆಂಗಿನಕಾಯಿ.

"ಇದು ಮುಚ್ಚಿದ ಪೆಟ್ಟಿಗೆ ಅಲ್ವಾ ತಾಯಿ," ಅಂದಳು ದೇವೀರಮ್ಮ. "ಒಳಗಿನದು ಎಲ್ಲಿ?"

ಮೇಡಂ ದನಿ ತಗ್ಗಿಸಿದರು. "ನಾನೂ ನೋಡಿಲ್ಲಮ್ಮ. ನನ್ನ ಬಿಲ್ಲೆಗೂ ಆ ಬಾಗಿಲು ತೆಗೆಯಲ್ಲ. ಮನೇಲಿ ನಮ್ಮ ತಾತ ಕೇಳ್ತಾರೆ, ನಿಮ್ಮ ಕಂಪನೀಲಿ ಏನು ಮಾಡ್ತೀರಾ ಅಂತ. ನಾನು ಇದೇ ಚಿತ್ರ ತೋರಿಸಿದ್ದೀನಿ."

ಇಬ್ಬರೂ ಚಿತ್ರವನ್ನೇ ನೋಡುತ್ತ ಟೀ ಕುಡಿದರು.

ಹೀಗೇ ಕಾಲ ಹೋಯಿತು. ನನ್ನ ಒಂದು ಗಾಲಿ ಕಿರುಗುಟ್ಟತೊಡಗಿತು. ನಾನು ಬರುವುದು ದೂರದಿಂದಲೇ ತಿಳಿಯುತ್ತಿದ್ದುದರಿಂದ ಅದಕ್ಕೆ ಎಣ್ಣೆ ಹಾಕಲು ಯಾರೂ ಬಿಡಲಿಲ್ಲ. ಅಂತೋಣಪ್ಪ ನಿವೃತ್ತನಾಗುವ ದಿನ ಬಂದು ನನ್ನ ಬೆನ್ನು ತಟ್ಟಿ, "ಗಟ್ಟಿ ಕಣೇ ನೀನು," ಅಂದು ಹೋದ. ನಾನು ಅವನ ಟೀಗೆ ಹೆಚ್ಚು ಹಬೆ ಹಾಕಿದೆ. ನನ್ನಿಂದ ಆಗುವುದು ಅಷ್ಟೇ ತಾನೆ?

ಆಮೇಲೆ ಆ ಸುದ್ದಿ ಬಂತು. ಪ್ರತಿ ಷೆಡ್ಡಿಗೂ ಗುಂಡಿ ಒತ್ತಿದರೆ ಟೀ ಬೀಳುವ ಪೆಟ್ಟಿಗೆ ಬರುತ್ತದೆ, ಮುಂದಿನ ವಾರದಿಂದ ಗಾಡಿ ಇಲ್ಲ. ನಿಂಗರಾಜು ಕ್ಯಾಂಟೀನಿನ ಒಳಗೇ ಕೆಲಸ ಮಾಡಬೇಕು. ಅವನ ಬಿಳಿ ಬಿಲ್ಲೆಯಿಂದಲೂ ಇನ್ನು ಬಾಗಿಲುಗಳು ತೆರೆಯುವುದಿಲ್ಲ. ಮೊದಲು ಎಲ್ಲರಿಗೂ ಸಂಭ್ರಮವೇ ಆಯಿತು. ಪೆಟ್ಟಿಗೆಯ ಮುಂದೆ ನಿಂತು, "ಏಲಕ್ಕಿ ಅಂತೆ, ಶುಂಠಿ ಅಂತೆ, ಕಾಫೀನೂ ಅಂತೆ!" ಎಂದು ಮಕ್ಕಳ ಹಾಗೆ ಗುಂಡಿಗಳನ್ನು ಮುಟ್ಟಿದರು. ನಾನೂ ಬೆರಗಿನಿಂದ ನೋಡಿದೆ. ಎಷ್ಟು ಚಂದದ ಹೊಳಪು ಅದಕ್ಕೆ! ಹೊಟ್ಟೆಕಿಚ್ಚು ಪಡಲೂ ಮನಸ್ಸು ಬರಲಿಲ್ಲ.

ಆದರೆ ಅದೇ ತಿಂಗಳು ದೇವೀರಮ್ಮನ ನಿವೃತ್ತಿಯೂ ಇತ್ತು.

ನನ್ನ ಕೊನೆಯ ಸುತ್ತಿನ ದಿನ ನಿಂಗರಾಜು ವೈಂಡಿಂಗಿನ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ. "ಅಕ್ಕ, ಇವತ್ತೇ. ಇವತ್ತು ಬಿಟ್ರೆ ಇನ್ನಿಲ್ಲ. ನಿಮ್ಮ ಊಟದ ಬಿಡುವಲ್ಲಿ ಕ್ಯಾಂಟೀನ್ ಹಿಂದುಗಡೆ ಬಾ. ಅಸೆಂಬ್ಲಿಯವ್ರ ಬಿಡುವು ಆಮೇಲೆ."

"ಮೆಮೊ ಕೊಟ್ಟರೆ?" ಅಂದಳು. "ಇಷ್ಟು ವರ್ಷ ಒಂದು ಮೆಮೊ ಇಲ್ಲ ನನ್ನ ಹೆಸರಲ್ಲಿ. ಹೋಗೋ ಹೊತ್ತಲ್ಲಿ ಮಸಿ ಬಳ್ಕೊಂಡು ಹೋಗ್ಲಾ?"

"ಬೇಡ ಅಂದ್ರೆ ಬೇಡ ಬಿಡಕ್ಕ."

ಅವಳು ಒಂದು ಸುರುಳಿಯನ್ನು ಕೈಗೆತ್ತಿಕೊಂಡು ಅದರ ತುದಿಯ ಗಂಟನ್ನು ನೋಡುತ್ತ ನಿಂತಳು. ಪ್ರಮೀಳಾ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಅವಳು ಮತ್ತೆ ಗೇಲಿ ಮಾಡುತ್ತಾಳೆ ಅಂದುಕೊಂಡೆ. ಆದರೆ ಅವಳು ಆಚೆ ಈಚೆ ನೋಡಿ, "ಹೋಗಕ್ಕ. ತಡವಾಗಿ ಯಾರಾದ್ರೂ ಕೇಳಿದ್ರೆ ಬಾತ್‌ರೂಮಿಗೆ ಹೋಗವ್ಳೆ ಅಂತೀನಿ," ಅಂದಳು. ಆಮೇಲೆ ಇನ್ನೂ ಮೆಲ್ಲಗೆ ಹೇಳಿದಳು. "ನನ್ನದೂ ಅದೆಯಾ ನೋಡ್ಕೊಂಡು ಬಾ."

ಊಟದ ಬಿಡುವಿನಲ್ಲಿ ದೇವೀರಮ್ಮ ಕ್ಯಾಂಟೀನಿನ ನೀಲಿ ಏಪ್ರನ್ ತೊಟ್ಟಳು. ಕೂದಲನ್ನು ಟೋಪಿಯೊಳಗೆ ತುರುಕಿದಳು. ಎದೆಗೆ ಕ್ಯಾಂಟೀನಿನ ರಜೆಯಲ್ಲಿದ್ದ ಹುಡುಗಿಯೊಬ್ಬಳ ಬಿಳಿ ಬಿಲ್ಲೆ. ಮತ್ತೆ ನನ್ನ ಹಿಡಿ ಹಿಡಿದಳು. ತಾನು ಸುತ್ತಿದ ಪಟ್ಟಿಯ ಮೇಲೆ, ತಾನು ಹಾಕಿದ ಗಂಟಿನ ಪಕ್ಕ, ಅವಳ ಅಂಗೈ ಕೂತಿತು. ನಾನು ಆದಷ್ಟೂ ಹಗುರವಾಗಿ ಉರುಳಿದೆ. ನಿಂಗರಾಜು ಕೈಗೊಂದು ಬಟ್ಟೆ ಸುತ್ತಿಕೊಂಡು, ಸುಟ್ಟುಕೊಂಡವನ ಹಾಗೆ ಮುಖ ಮಾಡಿಕೊಂಡು ಪಕ್ಕದಲ್ಲಿ ನಡೆದ.

ಅಸೆಂಬ್ಲಿಯ ಬಾಗಿಲಲ್ಲಿ ಪೂವಯ್ಯ ಇದ್ದರು. ಕೊಡಗಿನವರು, ಮಿಲಿಟರಿಯಲ್ಲಿದ್ದು ಬಂದವರು. ಮೀಸೆಯ ತುದಿಯವರೆಗೂ ಶಿಸ್ತು.

"ಯಾರಿದು ಹೊಸಬರು?"

"ಕೈ ಸುಟ್ಕೊಂಡಿದೀನಿ ಸಾರ್. ಕ್ಯಾಂಟೀನವ್ರು, ಸಹಾಯಕ್ಕೆ ಬಂದವ್ರೆ," ಅಂದ ನಿಂಗರಾಜು.

ಪೂವಯ್ಯ ಬಿಲ್ಲೆ ನೋಡಿದರು. ಏಪ್ರನ್ ನೋಡಿದರು. ಕಣ್ಣು ಮೆಲ್ಲಗೆ ಕೆಳಗಿಳಿಯಿತು. ನಾನು ಕೆಳಗಿನಿಂದಲೇ ಎಲ್ಲವನ್ನೂ ನೋಡುವವಳು, ಆದರೂ ನನಗೂ ಆ ಕ್ಷಣದವರೆಗೆ ಕಂಡಿರಲಿಲ್ಲ. ಬಟ್ಟೆ, ಟೋಪಿ, ಬಿಲ್ಲೆ ಎಲ್ಲ ಬದಲಾಯಿಸಿದ್ದ ದೇವೀರಮ್ಮ ಕಾಲನ್ನು ಮರೆತಿದ್ದಳು. ಕ್ಯಾಂಟೀನಿನವರು ಕಪ್ಪು ಗಮ್‌ಬೂಟು ಹಾಕುತ್ತಾರೆ. ಅವಳ ಕಾಲಲ್ಲಿ ವೈಂಡಿಂಗಿನ ಬಿಳಿ ಬಟ್ಟೆಯ ಶೂ, ಒಂದು ಕಲೆಯಿಲ್ಲದೆ ಹೊಳೆಯುತ್ತಿತ್ತು. ಅಷ್ಟು ವರ್ಷಗಳಲ್ಲಿ ಅದು ಅವಳಿಗೆ ಶೂ ಅಲ್ಲ, ಪಾದವೇ ಆಗಿಹೋಗಿತ್ತು.

"ಕ್ಯಾಂಟೀನಿನವರ ಶೂ ಬಿಳಿ ಆದದ್ದು ಯಾವಾಗ?" ಎಂದರು ಪೂವಯ್ಯ.

"ಹೊಸ ರೂಲ್ಸು ಸಾರ್," ಅಂದ ನಿಂಗರಾಜು.

ಪೂವಯ್ಯ ಅವಳ ಮುಖವನ್ನು ನೋಡಿದರು. ದೇವೀರಮ್ಮ ಕಣ್ಣು ತಗ್ಗಿಸಲಿಲ್ಲ. ತಪ್ಪಿಸಿಕೊಂಡು ಹೋಗುವವಳ ಕಣ್ಣಲ್ಲ ಅದು, ಗರ್ಭಗುಡಿಯ ಬಾಗಿಲಲ್ಲಿ ಸರದಿಗೆ ಕಾಯುವವಳ ಕಣ್ಣು. ಮೀಸೆ ಒಂದು ಬದಿಗೆ ಅಲುಗಿತು.

"ಈ ಕಂಪನಿಯಲ್ಲಿ ದಿನಾ ಒಂದು ಹೊಸ ರೂಲ್ಸು. ನಮಗೆ ಹೇಳುವವರೇ ಇಲ್ಲ," ಎಂದು ಅವರು ಪಕ್ಕಕ್ಕೆ ಸರಿದು ನಿಂತರು. "ಹೋಗಿ, ಹೋಗಿ. ವಾಪಸ್ಸು ಬರುವಾಗ ನನಗೊಂದು ಟೀ, ಸಕ್ಕರೆ ಜಾಸ್ತಿ."

ನನ್ನ ಕಿರುಗುಡುವ ಗಾಲಿ ಹಳದಿ ಗೆರೆಯ ಮೇಲೆ ಹಾದುಹೋಯಿತು. ಅವಳ ಬಿಳಿ ಶೂಗಳೂ ಹಾದುಹೋದವು.

ಅವತ್ತು ನಾವು ಕಂಬದ ಹತ್ತಿರ ನಿಲ್ಲಲಿಲ್ಲ. ಕೊನೆಯ ಟೀ ಎಂದು ಅಸೆಂಬ್ಲಿಯ ಹಿರಿಯ ಕೆಲಸಗಾರ ಇಮ್ತಿಯಾಜ್ ತಾನೇ ಟಾರ್ಪಾಲು ಸರಿಸಿ, "ಬಾರಪ್ಪ ನಿಂಗರಾಜು, ಒಳಗೇ ಬಾ. ನಿನ್ನ ಗಾಡಿನೂ ನೋಡ್ಲಿ ಒಂದ್ಸಲ," ಎಂದು ಕರೆದ.

ಹೇಗೆ ಹೇಳಲಿ ನಿಮಗೆ?

ಯಂತ್ರ ನಿಂತಿತ್ತು. ಇನ್ನೂ ಮುಚ್ಚಳ ಹಾಕಿರಲಿಲ್ಲ. ಹೆಬ್ಬಾಗಿಲಿಗಿಂತ ಎತ್ತರದ ಒಂದು ಉಕ್ಕಿನ ಬಳೆ, ಒಬ್ಬರ ಮೇಲೊಬ್ಬರು ಮೂರು ಜನ ನಿಂತರೂ ತುದಿ ಮುಟ್ಟದಷ್ಟು. ಆ ಬಳೆಯ ಒಳ ಅಂಚಿನಲ್ಲಿ ಸುತ್ತಲೂ, ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು ಬಾಗಿ, ತಾಮ್ರದ ಸುರುಳಿಗಳ ತುದಿಗಳು ಕೂತಿದ್ದವು. ವಾರ್ನಿಷ್ ಕುಡಿದು ಜೇನಿನ ಬಣ್ಣಕ್ಕೆ ತಿರುಗಿದ್ದವು. ಮೇಲಿನ ಗಾಜಿನಿಂದ ಬಿಸಿಲು ಬಿದ್ದು ಇಡೀ ಸುತ್ತು ಮಿನುಗುತ್ತಿತ್ತು. ಪ್ರತಿ ತುದಿಗೂ ಒಂದು ಗಂಟು.

ಮಾಲೆ. ಅದು ಮಾಲೆಯಲ್ಲದೆ ಬೇರೇನೂ ಆಗಿರಲಿಲ್ಲ. ದೈತ್ಯನ ಕೊರಳಿಗೆ ಹಾಕಲು ಕಟ್ಟಿದ ಮಾಲೆ.

ಹೂ ಮುಡಿಯಬಾರದೆಂದು ಬೋಳು ಜಡೆಯಲ್ಲಿ ಬಂದು ಹೋಗುತ್ತಿದ್ದ ಹೆಂಗಸು ಅಷ್ಟೂ ವರ್ಷ ಕೂತು ಕಟ್ಟಿದ್ದು ಅದನ್ನೇ. ಅವಳಿಗೇ ಗೊತ್ತಿರಲಿಲ್ಲ.

ದೇವೀರಮ್ಮನ ಕೈ ನನ್ನ ಹಿಡಿಯನ್ನು ಬಿಟ್ಟಿತು. ಅವಳು ಹತ್ತಿರ ಹೋಗಿ, ಮುಟ್ಟಲೋ ಬೇಡವೋ ಎಂದು ಕೈ ಎತ್ತಿ ನಿಂತಳು. "ಕತ್ತರಿಸಿಲ್ಲ," ಅಂದಳು, ತನಗೆ ತಾನೇ. "ನಿಂಗರಾಜು, ಕತ್ತರಿಸಿಲ್ಲ ಕಣೋ."

"ಏನಮ್ಮ ಕತ್ತರಿಸೋದು?" ಅಂದ ಇಮ್ತಿಯಾಜ್.

"ಈ ಗಂಟು."

"ಅದ್ಯಾಕೆ ಕತ್ತರಿಸ್ತೀವಿ? ಕೆಲವ್ರ ಕೈದು ಇಲ್ಲಿ ಬರೋಷ್ಟ್ರಲ್ಲಿ ಬಿಚ್ಚಿರ್ತದೆ, ಮತ್ತೆ ಕಟ್ತೀವಿ. ಈ ಗಂಟು ಮಾತ್ರ ಒಂದ್ಸಲನೂ ಬಿಚ್ಚಿಲ್ಲ. ಯಾರ ಕೈನೋ ಗೊತ್ತಿಲ್ಲ ನಮಗೆ. ಹೂವಿನ ಮಾಲೆ ಗಂಟಿನಂಗೆ ಇದೆ ಅಂತ ನಾವು ಹೂವಮ್ಮ ಅಂತೀವಿ. ಹೂವಮ್ಮನ ಸುರುಳಿ ಬಂದಿದೆ ಅಂದ್ರೆ ಅವತ್ತು ಕೆಲಸ ಸಲೀಸು. ನನಗೂ ಮುಂಚೆ ಇದ್ದೋರು ಹಂಗೇ ಅಂತಿದ್ರು. ನಾವೂ ಅಂತೀವಿ."

ಅವನು ಟೀಗಾಗಿ ನನ್ನ ಕಡೆ ತಿರುಗಿದ. ಕಣ್ಣು ನನ್ನ ಹಿಡಿಯ ಮೇಲೆ ಬಿತ್ತು. ಸವೆದು ಕಪ್ಪಾದ ಪಟ್ಟಿ, ತುದಿಯಲ್ಲಿ ಆ ಗಂಟು. ಎಷ್ಟು ವರ್ಷ ಇದೇ ಗಾಡಿಯಿಂದ ಟೀ ಕುಡಿದಿದ್ದ! ಬಗ್ಗಿ ನೋಡಿದ. ಅಲ್ಲಿಂದ ಅವಳ ಬಿಳಿ ಶೂಗಳನ್ನು ನೋಡಿದ. ಅಲ್ಲಿಂದ ಅವಳ ಬೆರಳುಗಳನ್ನು.

"ನೀವೇನಾ?" ಅಂದ.

ದೇವೀರಮ್ಮ ತಲೆಯಾಡಿಸಿದಳು.

ಇಮ್ತಿಯಾಜ್ ಟೋಪಿ ತೆಗೆದ. ಆಮೇಲೆ ಷೆಡ್ಡು ಗುಯ್‌ಗುಡುವ ಹಾಗೆ ಕೂಗಿದ. "ಲೇ, ಎಲ್ಲಾ ಬನ್ರೋ ಇಲ್ಲಿ! ಹೂವಮ್ಮ ಬಂದವ್ರೆ!"

ಏಣಿಯ ಮೇಲಿದ್ದವರು ಇಳಿದರು, ಯಂತ್ರದ ಒಳಗಿದ್ದವರು ತಲೆ ಹೊರಗೆ ಹಾಕಿದರು. ಕೆಂಪು ಬಿಲ್ಲೆಯವರೆಲ್ಲ ಬಂದು ಸುತ್ತ ನಿಂತರು. ಯಾರೂ ಲೋಟಕ್ಕೆ ಕೈ ಚಾಚಲಿಲ್ಲ. ಒಬ್ಬ ಹುಡುಗ, "ನಾನು ಹೂವಮ್ಮ ಅಂದ್ರೆ ಯಾವುದೋ ಮಿಷಿನ್ ಹೆಸರು ಅಂದ್ಕೊಂಡಿದ್ದೆ," ಅಂದುಬಿಟ್ಟ. ಎಲ್ಲರೂ ನಕ್ಕರು, ಅವಳೂ ನಕ್ಕಳು, ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ. ಕಂಪನಿಯ ಲೆಕ್ಕದಲ್ಲಿ ಬರೀ ಟೋಕನ್ ನಂಬರಾಗಿದ್ದವಳಿಗೆ ಹಳದಿ ಗೆರೆಯ ಆಚೆ ಒಂದು ಹೆಸರು ಇತ್ತು. ಅವಳು ಬರಲೆಂದು ಅದು ಇಷ್ಟು ವರ್ಷ ಇಲ್ಲೇ ಕಾಯುತ್ತಿತ್ತು.

"ಪ್ರಮೀಳಾದು ಎಲ್ಲಿ?" ಎಂದು ಕೇಳಿದಳು. ತಾನೇ ಹುಡುಕಿದಳು. "ಇದು. ಇದು ಅವ್ಳದ್ದು, ಎಡಕ್ಕೆ ತಿರುಗಿಸ್ತಾಳೆ ಅವ್ಳು. ಅದೂ ಅದೆ!" ಮಗುವಿನ ಮುಖದ ಹಾಗೆ ಬೆಳಗಿತು ಅವಳ ಮುಖ.

ಇಮ್ತಿಯಾಜ್ ದಾರದ ಉಂಡೆ ತಂದು ಅವಳ ಕೈಗೆ ಕೊಟ್ಟ. "ಸಾಗಿಸೋವಾಗ ಒಂದು ಕಡೆ ಕಿತ್ತುಹೋಗಿದೆ. ನಾವೇ ಕಟ್ಟೋಣ ಅಂತಿದ್ವಿ. ನೀವೇ ಕಟ್ಟಿಬಿಡಿ ಹೂವಮ್ಮ."

ಅವಳು ಬಿಳಿ ಶೂಗಳ ತುದಿಗಾಲಲ್ಲಿ ನಿಂತಳು. ಬೆರಳುಗಳು ಒಮ್ಮೆ ಸುತ್ತಿದವು, ಒಮ್ಮೆ ನುಸುಳಿದವು. ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಆಮೇಲೆ ಅವಳು ಕತ್ತರಿ ಕೇಳಲಿಲ್ಲ. ವೈಂಡಿಂಗಿನಲ್ಲಿ ಎಂದೂ ಮಾಡಲು ಬಿಡದ ಒಂದು ಕೆಲಸ ಮಾಡಿದಳು. ಹೂ ಕಟ್ಟುವವರ ಹಾಗೆ ದಾರವನ್ನು ಹಲ್ಲಲ್ಲಿ ಕಡಿದಳು.

ಮಾಲೆಯ ಸುತ್ತು ಪೂರ್ತಿಯಾಯಿತು.

"ಅಕ್ಕ, ಟೀ ಆರ್ತದೆ," ಅಂದ ನಿಂಗರಾಜು.

ದೇವೀರಮ್ಮ ಬಂದು ನನ್ನ ಹಿಡಿಯ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಿಂದ ಲೋಟ ತುಂಬಿಸಿದಳು. ಮೊದಲ ಲೋಟವನ್ನು ಇಮ್ತಿಯಾಜ್‌ಗೆ ಕೊಡಲಿಲ್ಲ. ಸುತ್ತಿನ ಹೊತ್ತಿನಲ್ಲಿ ಗಾಡಿ ತಳ್ಳುವವನು ಟೀ ಕುಡಿಯಬಾರದೆಂಬುದು ಕ್ಯಾಂಟೀನಿನ ರೂಲ್ಸು. ಅದೂ ಅವಳಿಗೆ ಗೊತ್ತಿತ್ತು.

"ತಗೋ," ಎಂದು ನಿಂಗರಾಜುವಿನ ಕೈಗಿಟ್ಟಳು. "ಮೊದಲು ನೀನು ಕುಡಿ. ಆಣೆ ತೀರ್ತು."

ಅವನು ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಎಸೆದು, ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದ. ನನ್ನ ಹೊಟ್ಟೆಯ ಟೀ ಅಷ್ಟು ಬಿಸಿಯಾಗಿ ಯಾವತ್ತೂ ಇರಲಿಲ್ಲ.

ಇನ್ನು ನೀವು ಹೂಂ ಅನ್ನುವುದನ್ನು ನಿಲ್ಲಿಸಬಹುದು.